ಹಾಲಿದ್ದಾಗಲೇ ಹಬ್ಬ ಮಾಡು

‘ಗಾಳಿ ಬಂದಾಗ ತೂರಿಕೋ’, ‘ಹಾಲಿದ್ದಾಗಲೇ ಹಬ್ಬ ಮಾಡು’ ಎಂಬ ಎರಡು ಗಾದೆಗಳನ್ನು ಶಾಲೆಯಲ್ಲಿ ಒಂದೇ ಉಸಿರಿಗೆ ಹೇಳಿಕೊಡುತ್ತಾರೆ. ಸಿಕ್ಕ ಅವಕಾಶ ಬಿಡಬೇಡ ಎಂಬುದೇ ಎರಡರ ಅರ್ಥವೆಂದು ವಿಸ್ತರಿಸಿ ಬರೆದರೆ ಅಂಕವೂ ಬೀಳುತ್ತದೆ. ನನಗೆ ಮಾತ್ರ ಇವೆರಡೂ ಒಂದೇ ಮಾತು ಅನ್ನಿಸುವುದಿಲ್ಲ. ಗಾಳಿಗೆ ತೂರಿದ ರಾಗಿ ತೂರಿದವನ ಕಣದಲ್ಲೇ ಬಿದ್ದು ಅವನ ಕಣಜಕ್ಕೇ ಹೋಗುತ್ತದೆ. ಹಬ್ಬ ಹಾಗಲ್ಲ. ಬಾಗಿಲು ಹಾಕಿಕೊಂಡು ಒಬ್ಬರೇ ಉಂಡದ್ದನ್ನು ಯಾರೂ ಹಬ್ಬ ಅನ್ನುವುದಿಲ್ಲ.

ಹಾಲು ಕಾಯಿಸದೆ ಬಿಟ್ಟರೆ ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಹೆಚ್ಚು ಕರೆದ ದಿನ ಪಾಯಸ, ಹೆಪ್ಪು ಹಾಕಿ ಮಿಕ್ಕಿದ್ದು ಪಕ್ಕದ ಮನೆಗೆ. ಆ ಹಬ್ಬದ ದಿನವನ್ನು ಗೊತ್ತುಮಾಡುತ್ತಿದ್ದುದು ಪಂಚಾಂಗವಲ್ಲ, ಹಸು.

ಇದಕ್ಕೆ ಗಿಣ್ಣಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ಹಸು ಕರು ಹಾಕಿದ ಸುದ್ದಿ ಗಿಣ್ಣಿನ ಜೊತೆಗೇ ಬೀದಿ ಸುತ್ತುತ್ತಿತ್ತು. ಕರುವಿಗೆ ಕುಡಿಸಿ ಮಿಕ್ಕ ಗಿಣ್ಣುಹಾಲನ್ನು ಡೇರಿಗೆ ಹಾಕುವಂತಿಲ್ಲ. ಅದರಲ್ಲಿ ಪ್ರೋಟೀನು ವಿಪರೀತ, ಕಾಯಿಸಿದರೆ ಗಟ್ಟಿಯಾಗಿಬಿಡುತ್ತದೆ. ಡೇರಿಗೆ ಬೇಡವಾದ ಆ ಗುಣವೇ ಅಡುಗೆಮನೆಗೆ ಬೇಕು. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಪುಡಿ ಹಾಕಿ ಹಬೆಯಲ್ಲಿಟ್ಟರೆ ತಟ್ಟೆಯಲ್ಲಿ ನಡುಗುವ ಗಿಣ್ಣು ಸಿದ್ಧ. ಚಾಕು ಆಡಿಸಿದ ಅಂಚಿನಲ್ಲಿ ಸಣ್ಣ ಸಣ್ಣ ತೂತು, ಅಲ್ಲಿಂದ ಜಿನುಗುವ ಬೆಲ್ಲದ ನೀರು. ಡಬ್ಬಿಗೆ ಹಾಕಿಸಿಕೊಂಡು ನಾಲ್ಕು ಮನೆಗೆ ಕೊಟ್ಟು ಬರುವುದು ಮಕ್ಕಳ ಕೆಲಸ. ಡಬ್ಬಿ ಬರಿದಾಗಿ ವಾಪಸು ಬರುತ್ತಿರಲಿಲ್ಲ. ತಳದಲ್ಲಿ ಬೆಲ್ಲದ ಚೂರೋ ಹಿಡಿ ಅಕ್ಕಿಯೋ ಇರುತ್ತಿತ್ತು.

ನಮ್ಮ ಮನೆಯ ಹಳೆಯ ಒಂಟಿ ಬಾಗಿಲಿನ ಫ್ರಿಜ್ ಈ ರೂಢಿಯನ್ನು ಕದಲಿಸಿರಲಿಲ್ಲ. 165 ಲೀಟರಿನದು. ಫ್ರೀಜರಿನಲ್ಲಿ ಮಂಜು ಬೆಳೆದು ಬೆಳೆದು ಕೊನೆಗೆ ಐಸ್ ಟ್ರೇ ನುಗ್ಗಿಸಲೂ ಜಾಗ ಇರುತ್ತಿರಲಿಲ್ಲ. ಗುಂಡಿ ಒತ್ತಿ ಕರಗಿಸಿ ಕೆಳಗಿನ ತಟ್ಟೆಯ ನೀರು ಚೆಲ್ಲಬೇಕು. ಹಾಲು, ಮೊಸರು, ದೋಸೆ ಹಿಟ್ಟು, ಒಂದು ಕಟ್ಟು ಸೊಪ್ಪು ಇಟ್ಟರೆ ಅಲ್ಲಿಗೆ ಮುಗಿಯಿತು. ಮಿಕ್ಕಿದ್ದು ಹೊರಗೆ ಹೋಗಲೇಬೇಕಿತ್ತು, ಹೋಗುತ್ತಿತ್ತು. ಈಗ ಬಂದಿರುವುದು ಅದರ ಎರಡರಷ್ಟು ದೊಡ್ಡದು, ಎರಡು ಬಾಗಿಲಿನದು. ಒಳಗಿನ ಫ್ಯಾನು ತಣ್ಣನೆಯ ಗಾಳಿಯನ್ನು ಮೂಲೆಮೂಲೆಗೂ ತಳ್ಳುತ್ತದೆ, ಕಟ್ಟಿದ ಮಂಜನ್ನು ಸಣ್ಣ ಹೀಟರು ತಾನೇ ಕರಗಿಸಿಬಿಡುತ್ತದೆ. ಮೊದಮೊದಲು ಅರ್ಧ ಖಾಲಿಯೇ ಇತ್ತು. ಅವರೆಕಾಯಿ ಕಾಲ ಬಂತು, ಹಿತಕಿದ ಬೇಳೆಯ ಪೊಟ್ಟಣಗಳು ಫ್ರೀಜರ್ ಸೇರಿದವು. ಆಮೇಲೆ ಹಸು ಈಯಿತು. ಬೆಂಗಳೂರಿನಿಂದ ಮಗಳು ಬಂದಾಗ ಮಾಡೋಣವೆಂದು ಗಿಣ್ಣುಹಾಲೂ ಬಾಟಲಿ ಬಾಟಲಿಯಾಗಿ ಅಲ್ಲಿಗೇ ಹೋಗಲು ಸಿದ್ಧವಾಯಿತು.

ತಂಪನ್ನು ನಾನು ಹಳಿಯಲಾರೆ. ಈ ಜಿಲ್ಲೆಯ ಎಷ್ಟೋ ಸಂಸಾರಗಳು ನಿಂತಿರುವುದೇ ಅದರ ಮೇಲೆ. ಹಳ್ಳಿ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಅಳೆದ ಹಾಲು ಹುಳಿಯುವ ಮೊದಲೇ ಕೂಲರ್ ಸೇರಿ 4 ಡಿಗ್ರಿಗೆ ಇಳಿದರಷ್ಟೇ ಹಾಲು ಒಕ್ಕೂಟ ಬಮೂಲ್‌ನ ಬಟವಾಡೆ ಕೈಗೆ ಬರುತ್ತದೆ. ದೊಡ್ಡಬಳ್ಳಾಪುರದ ಅಪ್ಯಾರಲ್ ಪಾರ್ಕಿನ ಗಾರ್ಮೆಂಟ್ಸಿಗೆ ಬೆಳಗಾಗುತ್ತಲೇ ಹೊರಡುವ ಹೆಣ್ಣುಮಕ್ಕಳಿಗೆ ರಾತ್ರಿ ರುಬ್ಬಿಟ್ಟ ಖಾರ, ಹೆಚ್ಚಿಟ್ಟ ಹುರುಳಿಕಾಯಿ ಎಂದರೆ ಇನ್ನರ್ಧ ಗಂಟೆ ನಿದ್ದೆ. ಗಾದೆಯ ಹೆಸರು ಹೇಳಿ ಅವರ ನಿದ್ದೆ ಕಿತ್ತುಕೊಳ್ಳುವುದು ನನಗೆ ಬೇಡ.

ಆದರೆ ತಂಪಿಗೂ ಮಿತಿ ಇದೆ. 4 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿಧಾನವಾಗುತ್ತದೆ. ಮೈನಸ್ 18ರಲ್ಲಿ ಅದರ ಬೆಳವಣಿಗೆ ನಿಂತರೂ ಪದಾರ್ಥದ ಘಮ ಇಳಿಯುತ್ತಲೇ ಇರುತ್ತದೆ. ಧನುರ್ಮಾಸದ ಇಬ್ಬನಿಗೆ ನೆನೆದ ಅವರೆಕಾಯಿ ಸುಲಿದ ಬೆರಳಿಗೆ ಅಂಟಿ, ಸೋಪು ಹಾಕಿ ತೊಳೆದರೂ ಬಿಡದ ಆ ಸೊಗಡು ಏಪ್ರಿಲಿನ ಸಾರಿನಲ್ಲಿ ಸಿಗುವುದಿಲ್ಲ. ಗಾದೆ ಹೇಳುವ ಗಡುವನ್ನು ಫ್ರಿಜ್ ಮುಂದೂಡಿದೆ, ತೆಗೆದುಹಾಕಿಲ್ಲ.

ಕರೆಂಟಿನ ಲೆಕ್ಕವನ್ನೂ ಜನ ಕೇಳುತ್ತಾರೆ. 2023ರಲ್ಲಿ ಬಂದ ಗೃಹಜ್ಯೋತಿಯ ಉಚಿತ ಯೂನಿಟ್ಟು ಮನೆಯ ಹಿಂದಿನ ಸರಾಸರಿಯ ಮೇಲೆ ನಿಂತಿದೆ, ಫ್ರಿಜ್ ದೊಡ್ಡದಾಯಿತೆಂದು ಅದು ಏರುವುದಿಲ್ಲ. ಕೊಳ್ಳುವಾಗ ಬಾಗಿಲ ಮೇಲಿನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಓದಿಕೊಂಡರೆ ಸಾಕು. ನನ್ನನ್ನು ಕಾಡುವುದು ಬಿಲ್ಲಲ್ಲ, ಮನೆಯಿಂದ ಹೊರಡದೆ ಉಳಿಯುವ ಡಬ್ಬಿ. ದೊಡ್ಡ ಫ್ರಿಜ್ ಬಂದ ಮೇಲೆ ಮಿಕ್ಕಿದ್ದು ಅನ್ನುವುದೇ ಇಲ್ಲವಾಗುತ್ತದೆ. ಎಲ್ಲವೂ ನಾಳೆಗೆ, ನಮಗೆ.

ಬಾಟಲಿಗಳ ಸಾಲನ್ನು ನೋಡಿ ಅತ್ತೆ ಹೇಳಿದರು: “ಮಗಳಿಗೆ ಅಂತ ಒಂದು ಬಾಟ್ಲು ಇಡವ್ವ, ಬ್ಯಾಡ ಅನ್ನಲ್ಲ. ಮಿಕ್ಕಿದ್ದನ್ನ ಇವತ್ತೇ ಬೇಯಿಸಿ ಹಂಚಿಬಿಡು.” ಗಾದೆಗೆ ಇದಕ್ಕಿಂತ ಸರಿಯಾದ ವ್ಯಾಖ್ಯಾನವನ್ನು ನಾನು ಓದಿಲ್ಲ. ಹಾಲನ್ನೆಲ್ಲ ಇವತ್ತೇ ಕುಡಿದು ಮುಗಿಸು ಎಂದು ಅದು ಹೇಳುವುದಿಲ್ಲ, ಹಬ್ಬ ಮಾಡು ಅನ್ನುತ್ತದೆ. ತಾರೀಖು ಬರೆದ ಒಂದು ಬಾಟಲಿ ಫ್ರೀಜರಿಗೆ ಹೋಯಿತು. ಮಿಕ್ಕ ಹಾಲು ಸಂಜೆಯೊಳಗೆ ಗಿಣ್ಣಾಗಿ ಬೀದಿಯ ಮನೆಗಳನ್ನು ಸೇರಿತು. ಅದರಲ್ಲೊಂದು, ವಿದ್ಯುತ್ ಮಗ್ಗದ ಕೆಲಸಕ್ಕೆಂದು ಬೇರೆ ಊರಿನಿಂದ ಬಂದು ಬಾಡಿಗೆಗಿರುವ ಸಂಸಾರ. ಊರು ಬಿಟ್ಟ ಮೇಲೆ ಅವರು ಗಿಣ್ಣು ತಿಂದೇ ಇರಲಿಲ್ಲವಂತೆ.