ಪೈಲೆ ಸಲಾಂ

ವಿಜಯಪುರ ಜಿಲ್ಲೆಯ ಬಬಲೇಶ್ವರದಲ್ಲಿದ್ದ ನಮ್ಮ ದಾದಿಯ, ಅಂದರೆ ಅಜ್ಜಿಯ, ಮನೆಗೆ ಗಿಡ್ಡ ಬಾಗಿಲು. ಶಾಲೆ ಬಿಟ್ಟು ಓಡಿ ಬಂದವನು ಒಂದು ದಿನ ಹೊಸ್ತಿಲ ಮೇಲಿಂದಲೇ ರೊಟ್ಟಿ ಕೇಳಿದೆ. ದಾದಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ, ‘ಪೈಲೆ ಸಲಾಂ, ಬಾದ್ ಮೆ ಕಲಾಂ’ ಎಂದು ಬೆರಳಿನಿಂದ ಬಾಗಿಲು ತೋರಿಸಿದಳು. ಹೊರಗೆ ಹೋದೆ, ಅಡ್ಡಾದಿಡ್ಡಿ ಬಿದ್ದಿದ್ದ ಚಪ್ಪಲಿ ಜೋಡಿಸಿಟ್ಟೆ, ಸಲಾಂ ಹೇಳಿ ಮತ್ತೆ ಒಳಗೆ ಬಂದೆ. ಆಮೇಲೆಯೇ ರೊಟ್ಟಿ, ಶೇಂಗಾ ಚಟ್ನಿ.

ಮೊದಲು ಸಲಾಂ, ಆಮೇಲೆ ಮಾತು. ಗಾದೆಯ ಜೀವ ಇರುವುದು ‘ಪೈಲೆ’ ಎಂಬ ಪದದಲ್ಲಿ. ‘ಅಸ್ಸಲಾಮು ಅಲೈಕುಂ’ ಎಂದರೆ ನಿಮಗೆ ಶಾಂತಿ ಇರಲಿ ಎಂದು. ಬೇಡಲು ಬಂದವನಿರಲಿ, ಕೊಟ್ಟ ಸಾಲ ಕೇಳಲು ಬಂದವನಿರಲಿ, ಮೊದಲು ಎದುರಿನವರ ಒಳಿತು ಬಯಸಬೇಕು. ಬಯಸಿದ ಮರುಗಳಿಗೆಗೇ ದನಿ ಏರಿಸುವುದು ಯಾರಿಗಾದರೂ ತುಸು ಕಷ್ಟ.

ಆದರೆ ಯಾರು ಮೊದಲು? ಇಲ್ಲಿ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ನಾವು ಸಲಾಂ ‘ಹೊಡೆಯುತ್ತೇವೆ’. ದೊಡ್ಡವರ ಮುಂದೆ ಹಲ್ಲು ಗಿಂಜುವವನು ಸಲಾಂ ಹೊಡೆಯುವವನು. 1490ರಿಂದ 1686ರವರೆಗೆ ಆದಿಲಶಾಹಿ ದರ್ಬಾರು ನಡೆದ ಸೀಮೆ ಇದು. ‘ಹೊಡೆಯುವ’ ಸಲಾಂ ದರ್ಬಾರಿನದು, ಮನೆಯದಲ್ಲ ಎಂದು ನನ್ನ ಅನಿಸಿಕೆ. ಮನೆಯಲ್ಲಿ ಕಲಿಸುವುದು ಹದೀಸಿನ, ಅಂದರೆ ಪ್ರವಾದಿಗಳ ನಡೆನುಡಿಯ ವರದಿಗಳ, ಕಟ್ಟಳೆ: ಸವಾರಿಯ ಮೇಲಿದ್ದವನು ನಡೆಯುವವನಿಗೆ ಹೇಳಬೇಕು, ನಡೆಯುವವನು ಕೂತವನಿಗೆ, ಕೆಲವರು ಹಲವರಿಗೆ. ಕುದುರೆಯ ಮೇಲಿದ್ದವನು ಕಾಲ್ನಡಿಗೆಯವನ ಸಲಾಮಿಗಾಗಿ ಕಾಯುವಂತಿಲ್ಲ. ಮೇಲಿದ್ದವನೇ ಮೊದಲು ಬಾಯಿ ತೆರೆಯಬೇಕು. ಕಿರಿಯರು ಹಿರಿಯರಿಗೆ ಹೇಳಬೇಕೆಂಬುದೂ ಉಂಟು, ನಿಜ. ಆದರೆ ಪ್ರವಾದಿಗಳು ದಾರಿಯಲ್ಲಿ ಮಕ್ಕಳನ್ನು ಕಂಡರೆ ತಾವೇ ಸಲಾಂ ಹೇಳುತ್ತಿದ್ದರೆಂದೂ ಹದೀಸಿನಲ್ಲಿದೆ. ಹಿರಿತನದ ಬಿಗುಮಾನಕ್ಕೆ ಅಲ್ಲೂ ಜಾಗವಿಲ್ಲ.

ಬಾಗಿಲಿನ ರೀತಿಯೂ ಇದರದೇ ಮುಂದುವರಿಕೆ. ಹೊಸ್ತಿಲಿಗೆ ಎದುರಾಗಿ ನಿಲ್ಲದೆ, ಒಳಗೆ ಕಣ್ಣು ಹಾಯಿಸದೆ, ಪಕ್ಕಕ್ಕೆ ಸರಿದು ನಿಂತು ಮೂರು ಸಲ ಅನುಮತಿ ಕೇಳಬೇಕು. ಉತ್ತರ ಬಾರದಿದ್ದರೆ ಬೇಸರಿಸದೆ ಹಿಂತಿರುಗಬೇಕು. (ಈಗ ಒಂದೇ ಉಸಿರಿಗೆ ಮೂರು ಸಲ ಬೆಲ್ ಒತ್ತುವವರು ಈ ಲೆಕ್ಕಕ್ಕೆ ಬರುವುದಿಲ್ಲ.) ಬೀಗ ತೆಗೆದು ಖಾಲಿ ಮನೆಗೆ ಕಾಲಿಡುವಾಗಲೂ ದಾದಿ ಸಲಾಂ ಹೇಳುತ್ತಿದ್ದಳು.

ಹೇಳುವುದು ಅರ್ಧ, ಮರಳಿಸುವುದು ಇನ್ನರ್ಧ. ಬಂದ ಸಲಾಮಿಗೆ ಅದಕ್ಕಿಂತ ಮಿಗಿಲಾದದ್ದನ್ನು ಕೊಡಿ, ಇಲ್ಲವೇ ಅಷ್ಟನ್ನಾದರೂ ಕೊಡಿ ಎಂಬುದು ಕುರಾನಿನ ಕಟ್ಟಪ್ಪಣೆ. ಆದ್ದರಿಂದಲೇ ‘ಅಸ್ಸಲಾಮು ಅಲೈಕುಂ’ ಎಂದವರಿಗೆ ‘ವ ಅಲೈಕುಮುಸ್ಸಲಾಂ’ ಎಂದು ನಿಲ್ಲಿಸದೆ ‘ವ ರಹಮತುಲ್ಲಾಹಿ’, ಅಂದರೆ ದೇವರ ಕರುಣೆಯೂ ಇರಲಿ ಎಂದು ಸೇರಿಸುತ್ತಾರೆ. ವಿಜಯಪುರದ ಗೋಳಗುಮ್ಮಟದೊಳಗಿನ ಮೊಗಸಾಲೆಯಲ್ಲಿ ಪಿಸುಗುಟ್ಟಿದ ಮಾತು ಸುಮಾರು 38 ಮೀಟರ್ ಆಚೆಯ ಗೋಡೆಯ ಬಳಿ ನಿಂತವರಿಗೆ ಕೇಳಿಸುತ್ತದೆ. ಕೂಗಿದರೆ ಮತ್ತೆ ಮತ್ತೆ ಮರುದನಿ. ಆದರೆ ಎಷ್ಟು ಸಲ ಮರಳಿದರೂ ಕಲ್ಲು ಒಂದಕ್ಷರ ಹೆಚ್ಚು ಸೇರಿಸುವುದಿಲ್ಲ. ಸೇರಿಸುವುದು ಮನುಷ್ಯರ ಕೆಲಸ.

ಈ ‘ಮಿಗಿಲು’ ಕನ್ನಡ ನೆಲಕ್ಕೆ ಹೊಸದಲ್ಲ. ಮೆಟ್ಟು ಹೊಲಿಯುವ ಶರಣ ಹರಳಯ್ಯ ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದರಂತೆ. ಬಂದ ಆ ಒಂದು ಹೆಚ್ಚಿನ ಶರಣಿನ ಭಾರ ತಾಳದೆ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಹೊಲಿದ ಕತೆ ಬಸವಣ್ಣ ಹುಟ್ಟಿದ ಈ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ದಾದಿಗೂ ಗೊತ್ತಿತ್ತು. ಒಂದು ಹೆಚ್ಚಿನ ಮಾತು ಎಷ್ಟು ತೂಗುತ್ತದೆ ಎಂಬುದನ್ನು ಇದಕ್ಕಿಂತ ಖಾರವಾಗಿ ಹೇಳುವ ಕತೆ ನನಗಂತೂ ಗೊತ್ತಿಲ್ಲ.

ಇದೆಲ್ಲ ಪುಸ್ತಕದ ಮಾತಾಯಿತು ಅನ್ನುವವರು ಸುಗ್ಗಿಯಲ್ಲಿ ತಿಕೋಟಾದ ಒಂದು ದ್ರಾಕ್ಷಿ ತೋಟಕ್ಕೆ ಹೋಗಬೇಕು. ಹಣ್ಣಿನ ವ್ಯಾಪಾರದ ಬಾಗವಾನರು ಗಾಡಿಯಿಂದ ಇಳಿಯುತ್ತಲೇ ‘ಶರಣ್ರೀ ಗೌಡ್ರ’ ಅನ್ನುತ್ತಾರೆ. ಗೌಡರು ಚಪ್ಪರದ ನೆರಳಿನಿಂದ ಹೊರಬಂದು ‘ಸಲಾಮ್ರೀ ಸಾಹೇಬ್ರ, ಬರ್ರೀ’ ಅನ್ನುತ್ತಾರೆ. ಒಬ್ಬರ ನುಡಿ ಇನ್ನೊಬ್ಬರ ಬಾಯಲ್ಲಿ. ನೀರು ಬರುತ್ತದೆ, ಸಾಹೇಬರು ಕೂತು, ಬಲಗೈಯಲ್ಲಿ ಲೋಟ ಹಿಡಿದು, ‘ಬಿಸ್ಮಿಲ್ಲಾ’ ಅಂದು, ಮೂರು ಗುಟುಕಿಗೆ ಬಿಟ್ಟು ಬಿಟ್ಟು ಕುಡಿಯುತ್ತಾರೆ. ಆಮೇಲೆ ಚಹಾ. ಮಳೆ, ಮನೆಮಂದಿ, ಮಕ್ಕಳ ಓದು ಎಲ್ಲ ಮುಗಿದು ರೇಟಿನ ಮಾತು ಬರುವುದು ಕೊನೆಗೆ. ರೇಟಿನಲ್ಲಿ ಇಬ್ಬರೂ ಒಂದು ರೂಪಾಯಿ ಬಿಟ್ಟುಕೊಡುವುದಿಲ್ಲ, ಅದು ಬೇರೆ ಮಾತು.

ನೀವು ವಿಜಯಪುರದಿಂದ ತಿಕೋಟಾ ಕಡೆಗೋ ಬಬಲೇಶ್ವರದ ಕಡೆಗೋ ಹೊರಟರೆ, ದಾರಿ ಕೇಳಲು ಯಾವುದಾದರೂ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿಯೇ ನಿಲ್ಲಿಸುತ್ತೀರಿ. ಗಾಜು ಇಳಿಸಿ, ದಾರಿ ಕೇಳುವ ಮೊದಲು ಕಟ್ಟೆಯ ಮೇಲೆ ಕೂತವರಿಗೆ ಸಲಾಮೋ ಶರಣೋ ನಮಸ್ಕಾರವೋ, ಬಂದದ್ದನ್ನು ಹೇಳಿ. ಗಾಡಿಯಲ್ಲಿರುವವರು ನೀವು, ಮೊದಲ ಸರದಿ ನಿಮ್ಮದೇ.