ಅಂಬಾರಿಯ ಭಾರ ಮತ್ತು ನೋಡುವವರ ಪಾಲು

ಹಿಂಸೆಯನ್ನು ತಾನೇ ಮಾಡುವವನು, ಇತರರಿಂದ ಮಾಡಿಸುವವನು, ಇತರರು ಮಾಡಿದ್ದನ್ನು ಮೆಚ್ಚಿ ಒಪ್ಪುವವನು ಈ ಮೂವರನ್ನೂ ಜೈನಾಚಾರ್ಯರು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದ ಗುಣಿಸಿ, ಅದನ್ನು ಕೃತ, ಕಾರಿತ, ಅನುಮತಗಳಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಬಗೆಗಳಾಗುತ್ತವೆಂಬ ಲೆಕ್ಕ ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಹೊಸದಲ್ಲ. ಈ ಲೆಕ್ಕದಲ್ಲಿ ಕೃತ, ಕಾರಿತಗಳ ಅರ್ಥ ಯಾರಿಗಾದರೂ ತಿಳಿಯುತ್ತದೆ. ಅನುಮತದ ಅರ್ಥವೂ ಪುಸ್ತಕದಲ್ಲಿ ಸುಲಭವೇ; ಅದನ್ನು ಜೀವನದಲ್ಲಿ ಗುರುತಿಸುವುದು ಮಾತ್ರ ಕಷ್ಟ. ಏಕೆಂದರೆ ಅದು ಬಹುಮಟ್ಟಿಗೆ ಸಂತೋಷದ ವೇಷದಲ್ಲಿ ಬರುತ್ತದೆ.

ವಿಜಯದಶಮಿಯ ದಿನ ಮೈಸೂರಿನ ಜಂಬೂಸವಾರಿಯನ್ನು ನೋಡಲು ಹಾಸನದ ಕಡೆಯಿಂದ ಹೊರಟ ಒಂದು ಶ್ರಾವಕ ಕುಟುಂಬವನ್ನು ಊಹಿಸಿಕೊಳ್ಳಬಹುದು. ತಂದೆ, ತಾಯಿ, ವಯಸ್ಸಾದ ಅಜ್ಜಿ, ಇಬ್ಬರು ಮಕ್ಕಳು. ನಸುಕಿನಲ್ಲಿಯೇ ಎದ್ದು ಕಟ್ಟಿಕೊಂಡ ಬುತ್ತಿಯಲ್ಲಿ ಈರುಳ್ಳಿಯಿಲ್ಲ, ಆಲೂಗಡ್ಡೆಯಿಲ್ಲ. ನೀರು ಬಟ್ಟೆಯಲ್ಲಿ ಸೋಸಿದ್ದು. ಮೆರವಣಿಗೆ ಎಷ್ಟೇ ತಡವಾಗಲಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಕಣ್ಣಿಗೆ ಕಾಣದ ಜೀವಿಗಳ ವಿಷಯದಲ್ಲಿ ಇಷ್ಟು ಎಚ್ಚರವಿರುವ ಮನೆಯವರು ರಸ್ತೆಯ ಬದಿಯಲ್ಲಿ ಗಂಟೆಗಟ್ಟಲೆ ಕಾದು, ಕಿರಿಯ ಮಗುವನ್ನು ಹೆಗಲಿಗೇರಿಸಿ, ಅಂಬಾರಿ ಹೊತ್ತ ಆನೆ ಬಂದೊಡನೆ ಎಲ್ಲರೊಡನೆ ಕೈಮುಗಿದು ಜಯಕಾರ ಮಾಡುತ್ತಾರೆ. ಅವರಲ್ಲಿ ಕ್ರೌರ್ಯದ ಲೇಶವೂ ಇಲ್ಲ. ಪ್ರಶ್ನೆ ಇರುವುದೂ ಆ ಕಾರಣಕ್ಕಾಗಿಯೇ.

ಆ ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋಗ್ರಾಂ. ಅದರ ಕೆಳಗಿನ ಗಾದಿ, ನಮ್ದಾ, ಬಿಗಿದ ಹಗ್ಗಗಳು ಸೇರಿದರೆ ಭಾರ ಇನ್ನೂ ಹೆಚ್ಚು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ದೂರ. ದಾರಿಯುದ್ದಕ್ಕೂ ವಾದ್ಯ, ಘೋಷ, ಲಕ್ಷಾಂತರ ಜನ. ಕುಶಾಲತೋಪಿನ ಸದ್ದಿಗೆ ಬೆದರದಂತೆ ಆನೆಗಳಿಗೆ ವಾರಗಳ ಮೊದಲೇ ತಾಲೀಮು ನಡೆಯುತ್ತದೆ. ಬೆನ್ನ ಮೇಲೆ ಮರಳಿನ ಮೂಟೆ ಹೇರಿ ನಡೆಸಲಾಗುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಬಲ್ಲವರಿಗೆ ಇಲ್ಲಿ ಒಂದು ಪದ ನೆನಪಾಗಲೇಬೇಕು. ಬಂಧ, ವಧ, ಛೇದ, ಅನ್ನಪಾನನಿರೋಧಗಳ ಜೊತೆಗೆ ಎಣಿಸಲ್ಪಟ್ಟಿರುವ ಅದು ಅತಿಭಾರಾರೋಪಣ.

ಆನೆಯ ದೇಹಬಲಕ್ಕೆ ಈ ಭಾರ ಹೆಚ್ಚಲ್ಲವೆಂದು ವಾದಿಸುವವರುಂಟು. ಆ ವಾದವನ್ನು ತಳ್ಳಿಹಾಕುವಂತಿಲ್ಲ. ಅಂಬಾರಿ ಹೊರುವ ಆನೆ ಐದು ಸಾವಿರ ಕಿಲೋಗ್ರಾಂ ತೂಗುವಂಥದು. ಅರಮನೆಯ ಆವರಣದಲ್ಲಿ ಅದಕ್ಕೆ ಪುಷ್ಟಿಕರ ಆಹಾರ, ವೈದ್ಯರ ಆರೈಕೆ, ಪ್ರಾಣದಂತೆ ನೋಡಿಕೊಳ್ಳುವ ಮಾವುತ, ಕಾವಾಡಿಗಳು ಇರುತ್ತಾರೆ. ಆದರೆ ಪೂಜ್ಯಪಾದಾಚಾರ್ಯರು ಅತಿಭಾರವನ್ನು ವಿವರಿಸುವಾಗ ಪ್ರಾಣಿಯ ಶಕ್ತಿಯನ್ನು ಅಳತೆಗೋಲಾಗಿ ಹಿಡಿಯಲಿಲ್ಲ. ನ್ಯಾಯವಾದ ಭಾರಕ್ಕಿಂತ ಮಿಗಿಲಾದುದನ್ನು ಹೊರಿಸುವುದೆಂದರು. ಈ ವಿವರಣೆ ಯೋಚನೆಗೆ ಹಚ್ಚುವಂಥದು. ಬಲವುಳ್ಳ ಪ್ರಾಣಿ ಹೊರಬಲ್ಲದ್ದೆಲ್ಲವೂ ನ್ಯಾಯವಾದ ಭಾರವೆನಿಸಿದರೆ ಬಲವೇ ಅದರ ಪಾಲಿಗೆ ಶಾಪವಾಗುತ್ತದೆ. ಎತ್ತು ಎಳೆಯುವ ಭತ್ತದ ಗಾಡಿಯಿಂದ ಮನೆಮಂದಿಯ ಹೊಟ್ಟೆ ತುಂಬುತ್ತದೆ, ಎತ್ತಿಗೂ ಮೇವು ಸಿಗುತ್ತದೆ. ಅಂಬಾರಿಯಿಂದ ತುಂಬುವುದು ಕಣ್ಣು. ಎರಡರ ನ್ಯಾಯವೂ ಒಂದೇ ಎನ್ನುವುದು ಕಷ್ಟ.

ಅರ್ಜುನ ಎಂಬ ಆನೆಯ ಜೀವನವನ್ನು ಇಲ್ಲಿ ನೆನೆಯಬೇಕು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಅದನ್ನು ಹಿಡಿಯಲಾಯಿತು. 2012ರಿಂದ 2019ರವರೆಗೆ ಎಂಟು ಬಾರಿ ಅದು ಅಂಬಾರಿ ಹೊತ್ತಿತು. ಅರುವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂಬ ಕಾರಣಕ್ಕೆ ಆ ಹೊಣೆ 2020ರಲ್ಲಿ ಅಭಿಮನ್ಯುವಿಗೆ ಸಂದಿತು. ಆದರೆ ಭಾರ ಹೊರಲು ವಯಸ್ಸಾಯಿತೆನಿಸಿಕೊಂಡ ಅರ್ಜುನನನ್ನು ಕಾಡಾನೆ ಹಿಡಿಯುವ ಕೆಲಸದಿಂದ ಬಿಡುಗಡೆ ಮಾಡಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಅಂಥದೇ ಕಾರ್ಯಾಚರಣೆಯ ನಡುವೆ ಕಾಡಾನೆಯೊಡನೆ ಸೆಣಸಿ ಅದು ಸತ್ತಿತು. ನಾಡೆಲ್ಲ ಕಣ್ಣೀರಿಟ್ಟಿತು. ಆ ಕಣ್ಣೀರು ಸುಳ್ಳಲ್ಲ. ಆದರೂ ಎಂಟು ವರ್ಷ ಜಯಕಾರ ಮಾಡಿದವರಲ್ಲಿ ಎಷ್ಟು ಮಂದಿ, ದಸರೆ ಮುಗಿದ ಮೇಲೆ ಆ ಆನೆ ಏನು ಮಾಡುತ್ತದೆಂದು ವಿಚಾರಿಸಿದ್ದರು? ಪ್ರಮಾದವೆಂಬ ಪದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಇದನ್ನು ಪರರ ಹಬ್ಬದ ದೋಷವೆಂದು ಬಗೆದು ಜೈನ ಸಮಾಜ ಹಾಯಾಗಿರುವಂತೆಯೂ ಇಲ್ಲ. ತೀರ್ಥಂಕರರ ತಾಯಿಯ ಸ್ವಪ್ನಗಳಲ್ಲಿ ಮೊದಲು ಬರುವುದು ಆನೆ. ಜನ್ಮಾಭಿಷೇಕಕ್ಕೆ ಶಿಶುವನ್ನು ಮೇರುವಿಗೆ ಒಯ್ಯುವುದು ಐರಾವತ. ಈ ಪೂಜ್ಯಭಾವದಿಂದಲೇ ಮಠಗಳಲ್ಲಿ ಆನೆ ಸಾಕುವ ರೂಢಿ ಬೆಳೆಯಿತು. ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದ ಆನೆಯನ್ನು ಅದರ ಆರೋಗ್ಯದ ದೃಷ್ಟಿಯಿಂದ ಜಾಮ್‌ನಗರದ ಕೇಂದ್ರಕ್ಕೆ ಕಳುಹಿಸಬೇಕೆಂದು 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗ ಬೀದಿಗಿಳಿದ ಶ್ರಾವಕರ ದುಃಖ ಮನೆಮಗಳನ್ನು ಕಳೆದುಕೊಂಡವರ ದುಃಖದಂತೆಯೇ ಇತ್ತು. ಪ್ರೀತಿಯಿದ್ದ ಮಾತ್ರಕ್ಕೆ ಬಂಧವು ಬಂಧವಲ್ಲದೆ ಹೋಗುತ್ತದೆಯೇ ಎಂಬ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಹೆಚ್ಚು ಕೇಳಿಬರಲಿಲ್ಲ.

ಹಾಗಾದರೆ ಹಾಸನದ ಆ ಕುಟುಂಬ ಮೈಸೂರಿಗೆ ಹೋಗಲೇಬಾರದಿತ್ತೇ? ಹಾಗೆ ತೀರ್ಪು ಕೊಡುವುದು ಅವಸರದ ಮಾತು. ವರ್ಷವೆಲ್ಲ ದುಡಿದವರಿಗೆ ಒಂದು ದಿನದ ಸಂಭ್ರಮ ಬೇಡವೆನ್ನುವುದು ಅಹಿಂಸೆಯ ಲಕ್ಷಣವಲ್ಲ. ಮೆರವಣಿಗೆಯಲ್ಲಿ ಡೊಳ್ಳು, ವೀರಗಾಸೆ, ಕಂಸಾಳೆಗಳ ತಂಡಗಳಿವೆ, ಜಿಲ್ಲೆ ಜಿಲ್ಲೆಯ ಸ್ತಬ್ಧಚಿತ್ರಗಳಿವೆ, ರಾತ್ರಿ ಪಂಜಿನ ಕವಾಯತಿದೆ. ಕಣ್ಣಿಗೆ ಬಿದ್ದದ್ದೆಲ್ಲ ಅನುಮೋದನೆಯಾಗುವುದೂ ಇಲ್ಲ. ಹಾಗಾದರೆ ವಿಹಾರದಲ್ಲಿರುವ ಮುನಿಗಳೂ ಕಣ್ಣು ಮುಚ್ಚಿ ನಡೆಯಬೇಕಾದೀತು. ಇದು ಹೀಗೆಯೇ ಇರಲಿ, ಬರುವ ವರ್ಷ ಇನ್ನೂ ದೊಡ್ಡದಾಗಲಿ ಎಂದು ಮನಸ್ಸು ಬಯಸುವ ಗಳಿಗೆಯಲ್ಲಿ ಅನುಮೋದನೆ ಹುಟ್ಟುತ್ತದೆ. ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ನೋಡುವವನಿಗೂ ಅದು ಹುಟ್ಟಬಲ್ಲದು. ರಸ್ತೆಯ ಬದಿಯಲ್ಲಿ ನಿಂತ ತಾಯಿಗೆ ಹುಟ್ಟದೆಯೂ ಇರಬಹುದು.

ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಕಾಲವಿತ್ತು. ಅದು ನಿಂತು ಚಾಮುಂಡೇಶ್ವರಿಯ ಮೂರ್ತಿ ಬಂದಿತು. ಸಂಪ್ರದಾಯ ಅಷ್ಟು ದೊಡ್ಡ ಬದಲಾವಣೆಯನ್ನೂ ತಾಳಿಕೊಂಡಿತು. 2020ರಲ್ಲಿ ಕೊರೋನಾ ಹರಡಿದ್ದಾಗ ಜಂಬೂಸವಾರಿ ಅರಮನೆಯ ಆವರಣವನ್ನು ದಾಟಲಿಲ್ಲ. ಆನೆ ನಡೆದದ್ದು ಕೆಲವು ನೂರು ಮೀಟರ್. ನೋಡಿದವರು ಕೆಲವು ನೂರು ಜನ. 2021ರಲ್ಲಿಯೂ ಮೆರವಣಿಗೆ ಆವರಣದೊಳಗೇ ಮುಗಿಯಿತು. ದೇವಿಗೆ ಪುಷ್ಪಾರ್ಚನೆ ನಡೆಯಿತು, ಹಬ್ಬ ಸಾಂಗವಾಗಿ ನೆರವೇರಿತು. ಉಳಿದ ಕಿಲೋಮೀಟರುಗಳನ್ನು ಕೇಳಿದವರು ರಸ್ತೆಯ ಎರಡು ಬದಿಗಳಲ್ಲಿ ನಿಲ್ಲುವವರೇ.