ಮಿತಭಾಷಿತೆಗೆ ಹೆಸರು ಕೊಟ್ಟ ನಾಡು

ಕಡಮೆ ಮಾತನಾಡುವುದು ತನ್ನಷ್ಟಕ್ಕೆ ತಾನೇ ಒಂದು ಸದ್ಗುಣವೇ? ಅಥವಾ ಆ ಮಾತನ್ನು ಯಾರು, ಯಾರೊಡನೆ, ಯಾವ ಕಾರಣದಿಂದ ಕಡಮೆ ಮಾಡಿದರೆಂಬುದನ್ನು ಅರಿತ ಮೇಲೆಯೇ ಅದನ್ನು ಗುಣವೆಂದೋ ದೋಷವೆಂದೋ ನಿರ್ಣಯಿಸಬೇಕೇ? ಮೇಲುನೋಟಕ್ಕೆ ಇದು ಸುಲಭವಾದ ಪ್ರಶ್ನೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಹೇಳಿ ಮುಗಿಸಿಬಿಡಬಹುದು. ಆದರೆ ಬಂಗಾರವನ್ನೂ ಒರೆಗೆ ಹಚ್ಚಿ ನೋಡುವುದು ಲೋಕರೂಢಿ. ಆ ಒರೆಗಲ್ಲಾಗಿ ಆಂಗ್ಲ ಭಾಷೆಯ ಒಂದು ಪದದ ಚರಿತ್ರೆಯನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಸಂಕ್ಷಿಪ್ತವಾದ ಮಾತನ್ನು ಹೇಳಲು ಆಂಗ್ಲರಲ್ಲಿ ಹಲವು ಪದಗಳಿವೆ. ಅವುಗಳಲ್ಲಿ ಬಹುಪಾಲು ಲ್ಯಾಟಿನ್ ಮೂಲದವು. ಅವುಗಳ ಬೇರನ್ನು ಕೆದಕಿದರೆ ಕೈಕೆಲಸದ ಚಿತ್ರಗಳು ಕಾಣುತ್ತವೆ. 'ಕನ್ಸೈಸ್' ಎಂದರೆ ಮೂಲತಃ ಕತ್ತರಿಸಿದ್ದು. 'ಸಕ್ಸಿಂಕ್ಟ್' ಎಂದರೆ ಉಟ್ಟ ಬಟ್ಟೆಯನ್ನು ಮೇಲೆತ್ತಿ ನಡುವಿಗೆ ಬಿಗಿದುಕೊಂಡದ್ದು. 'ಟರ್ಸ್' ಎಂದರೆ ಒರಸಿ ಹೊಳಪಿಟ್ಟದ್ದು. 'ಕರ್ಟ್' ಎಂದರೆ ಮೊಟಕುಗೊಂಡದ್ದು. ಈ ಗುಂಪಿನಲ್ಲಿ 'ಲೆಕಾನಿಕ್' ಎಂಬ ಪದ ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಅದರ ಬೇರು ಕೈಕೆಲಸವಲ್ಲ, ಒಂದು ನಾಡು.

ಗ್ರೀಸ್ ದೇಶದ ದಕ್ಷಿಣದಲ್ಲಿ ಪೆಲೊಪೊನ್ನೀಸ್ ಎಂಬ ಪರ್ಯಾಯದ್ವೀಪವಿದೆ. ಅದರ ಆಗ್ನೇಯ ಭಾಗಕ್ಕೆ ಲಕೋನಿಯಾ ಎಂದು ಹೆಸರು. ಅಲ್ಲಿ ಯುರೋಟಾಸ್ ನದಿಯ ಕಣಿವೆಯಲ್ಲಿದ್ದ ನಗರವೇ ಇತಿಹಾಸಪ್ರಸಿದ್ಧವಾದ ಸ್ಪಾರ್ಟಾ. 'ಲಕೋನಿಕೋಸ್' ಎಂದರೆ ಆ ನಾಡಿಗೆ ಸೇರಿದ್ದು ಎಂದಷ್ಟೇ ಮೊದಲಿನ ಅರ್ಥ. ಇದರಿಂದ ಗ್ರೀಕರು 'ಲಕೋನಿಜೈನ್' ಎಂಬ ಕ್ರಿಯಾಪದವನ್ನು ಮಾಡಿಕೊಂಡರು. ಸ್ಪಾರ್ಟಾದ ಪಕ್ಷ ವಹಿಸುವುದು, ಅಲ್ಲಿಯವರ ಉಡುಗೆ ನಡೆಗಳನ್ನು ಅನುಕರಿಸುವುದು, ಅವರಂತೆ ಚುಟುಕಾಗಿ ಮಾತನಾಡುವುದು, ಈ ಮೂರೂ ಆ ಒಂದು ಕ್ರಿಯೆಯಲ್ಲಿ ಅಡಗಿದ್ದವು. ರೋಮನರು ಈ ಪದವನ್ನು ತೆಗೆದುಕೊಂಡು, ತಮ್ಮ ಸ್ನಾನಗೃಹಗಳಲ್ಲಿ ಒಣ ಕಾವಿನಿಂದ ಬೆವರಿಳಿಸುವ ಕೋಣೆಗೂ 'ಲಕೋನಿಕುಮ್' ಎಂದು ಹೆಸರಿಟ್ಟರು. ೧೬ನೆಯ ಶತಮಾನದ ಕೊನೆಯ ಭಾಗದಲ್ಲಿ ಪದವು ಆಂಗ್ಲ ಭಾಷೆಯನ್ನು ಹೊಕ್ಕಿತು. ಕ್ರಮೇಣ ನಾಡಿನ ಅರ್ಥ ಹಿಂದೆ ಸರಿದು, ಮಿತವಾದ ಮಾತು ಎಂಬ ಅರ್ಥವೊಂದೇ ಬಳಕೆಯಲ್ಲಿ ನಿಂತಿತು.

ಒಂದು ಜನಾಂಗದ ಹೆಸರೇ ಒಂದು ಗುಣದ ಹೆಸರಾಗಬೇಕಾದರೆ, ಆ ಗುಣವನ್ನು ಅವರು ಎಷ್ಟು ಶ್ರದ್ಧೆಯಿಂದ ಬೆಳೆಸಿರಬೇಕು! ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಹುಟ್ಟಿದ ಪ್ಲೂಟಾರ್ಕ್ ಎಂಬ ಗ್ರೀಕ್ ಲೇಖಕನು ಸ್ಪಾರ್ಟಾದ ಶಾಸನಕರ್ತನೆಂದು ಹೆಸರಾದ ಲೈಕರ್ಗಸ್ಸನ ಚರಿತ್ರೆಯಲ್ಲಿ ಇದನ್ನು ವಿವರಿಸಿದ್ದಾನೆ. ಲೈಕರ್ಗಸ್ ಚಿನ್ನ ಬೆಳ್ಳಿಯ ನಾಣ್ಯಗಳನ್ನು ತೆಗೆದುಹಾಕಿ ಕಬ್ಬಿಣದ ನಾಣ್ಯವನ್ನು ತಂದನಂತೆ. ಅದರ ತೂಕ ಬಹಳ, ಬೆಲೆ ಅತ್ಯಲ್ಪ. ಮಾತಿನ ವಿಷಯದಲ್ಲಿ ಮಾತ್ರ ಇದಕ್ಕೆ ತೀರ ವಿರುದ್ಧವಾದ ಕ್ರಮ: ಪದಗಳ ತೂಕ ಕಡಮೆ, ಅರ್ಥದ ಬೆಲೆ ಹೆಚ್ಚು. ರಾತ್ರಿಯ ಊಟವಾದ ಮೇಲೆ ಬಾಲಕರ ಗುಂಪಿನ ತರುಣ ನಾಯಕನು ಒಬ್ಬೊಬ್ಬರನ್ನು ಪ್ರಶ್ನಿಸುತ್ತಿದ್ದನು. ಊರಿನಲ್ಲಿ ಉತ್ತಮನು ಯಾರು? ಇಂಥವನು ಮಾಡಿದ ಕಾರ್ಯ ಸರಿಯೇ? ಉತ್ತರದಲ್ಲಿ ಕಾರಣವೂ ಇರಬೇಕು, ಅದು ಅಡಕವಾಗಿಯೂ ಇರಬೇಕು. ತಪ್ಪಿದವನ ಹೆಬ್ಬೆರಳನ್ನು ನಾಯಕನು ಕಚ್ಚುತ್ತಿದ್ದನು.

ಬಹುಕಾಲ ಪಾಠ ಹೇಳಿದವನ ದೃಷ್ಟಿಯಿಂದ ನೋಡಿದರೆ, ಶಿಕ್ಷೆಯನ್ನು ಬಿಟ್ಟು ಉಳಿದ ಕ್ರಮದಲ್ಲಿ ಒಂದು ಸಾರವಿದೆಯೆಂದು ಒಪ್ಪಲೇಬೇಕು. ಕಾರಣವನ್ನು ಬಿಟ್ಟು ಉತ್ತರವನ್ನು ಮೊಟಕುಗೊಳಿಸುವುದು ಸುಲಭ. ಕಾರಣವನ್ನು ಉಳಿಸಿಕೊಂಡು ಮೊಟಕುಗೊಳಿಸುವುದು ಕಷ್ಟ. ಅದಕ್ಕೆ ಮೊದಲು ಯೋಚಿಸಬೇಕು. ಪ್ಲೇಟೋವಿನ 'ಪ್ರೊಟಾಗೊರಸ್' ಸಂವಾದದಲ್ಲಿ ಸಾಕ್ರಟೀಸನು ಅರ್ಧ ವಿನೋದದಿಂದ ಸ್ಪಾರ್ಟಾದವರೇ ನಿಜವಾದ ತತ್ತ್ವಜ್ಞಾನಿಗಳೆಂದು ವಾದಿಸುತ್ತಾನೆ. ಅಲ್ಲಿಯ ಸಾಮಾನ್ಯನೊಬ್ಬನು ಬಹಳ ಹೊತ್ತು ಮಂಕನಂತೆ ಕುಳಿತಿದ್ದು, ಸಮಯ ಬಂದಾಗ ನುರಿತ ಭರ್ಜಿಗಾರನಂತೆ ಒಂದು ಕಿರುಮಾತನ್ನು ಎಸೆಯುತ್ತಾನೆ, ಎದುರಿನವನು ಅವನ ಮುಂದೆ ಮಗುವಿನಂತೆ ಕಾಣುತ್ತಾನೆ ಎಂಬುದು ಆ ವಾದದ ತಾತ್ಪರ್ಯ. ಹೋಲಿಕೆ ಸೊಗಸಾಗಿದೆ. ಆದರೆ ಅದು ಆಯುಧದ ಹೋಲಿಕೆ ಎಂಬುದನ್ನು ವಾಚಕರು ಗಮನಿಸಬೇಕು.

ಅಂಥ ಕಿರುಮಾತುಗಳಲ್ಲಿ ಜಗತ್ಪ್ರಸಿದ್ಧವಾದುದನ್ನೂ ಪ್ಲೂಟಾರ್ಕನೇ ಹೇಳುತ್ತಾನೆ. ಮ್ಯಾಸಿಡೋನಿಯಾದ ದೊರೆ ಫಿಲಿಪ್ಪನು, ಅಲೆಗ್ಸಾಂಡರನ ತಂದೆ, ತಾನು ಲಕೋನಿಯಾಕ್ಕೆ ನುಗ್ಗಿ ಬಂದರೆ ನಿಮ್ಮನ್ನು ಹೊರಗಟ್ಟುವೆನೆಂದು ಸ್ಪಾರ್ಟಾದವರಿಗೆ ಹೇಳಿ ಕಳುಹಿಸಿದನು. ಅವರು ಬರೆದು ಕಳುಹಿಸಿದ ಉತ್ತರ ಒಂದೇ ಪದ. ಆ ಪದಕ್ಕೆ ಸಮನಾದ ಬಿಡಿಪದ ಕನ್ನಡದಲ್ಲಿಲ್ಲ. ಕ್ರಿಯಾಪದಕ್ಕೆ ಹತ್ತುವ 'ರೆ' ಎಂಬ ಪ್ರತ್ಯಯವಿದೆ. ಆದುದರಿಂದ ನಾವು ಅದನ್ನು 'ಬಂದರೆ' ಎಂದು ಹೇಳಿಕೊಳ್ಳಬೇಕು. ಇದನ್ನು ಕೇಳಿ ಮೆಚ್ಚದವರಿಲ್ಲ. ಮುಂದೇನಾಯಿತೆಂಬುದನ್ನು ಮಾತ್ರ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಕ್ರಿ.ಪೂ. ೩೩೮ರಲ್ಲಿ ಕೈರೊನಿಯಾ ಯುದ್ಧವನ್ನು ಗೆದ್ದ ಬಳಿಕ ಫಿಲಿಪ್ಪನು ಬಂದೇ ಬಂದನು. ಸ್ಪಾರ್ಟಾ ನಗರವನ್ನು ಅವನು ಹಿಡಿಯಲಿಲ್ಲ. ಆದರೆ ಲಕೋನಿಯಾವನ್ನು ಹಾಳುಗೆಡವಿ, ಗಡಿಯ ನೆಲವನ್ನು ಕಿತ್ತು ನೆರೆಯ ರಾಜ್ಯಗಳಿಗೆ ಹಂಚಿದನು. ಉತ್ತರ ಉಳಿಯಿತು, ನೆಲ ಉಳಿಯಲಿಲ್ಲ. ಚುಟುಕಾದ ಮಾತಿಗೆ ಇಂಥದೊಂದು ಮೋಹಕ ಶಕ್ತಿಯಿದೆ: ಅದು ನೆನಪಿನಲ್ಲಿ ತಾನು ನಿಂತು, ತನ್ನ ಸುತ್ತಲಿನ ಸತ್ಯವನ್ನು ಹೊರಗೆ ನೂಕುತ್ತದೆ.

ಹಾಗೆ ಹೊರಗೆ ನೂಕಲ್ಪಟ್ಟವರಲ್ಲಿ ಮೊದಲಿಗರು ಹೆಲಟ್ ಎಂಬ ಜನರು. ಲಕೋನಿಯಾದ ಮತ್ತು ಪಕ್ಕದ ಮೆಸ್ಸೀನಿಯಾದ ಹೊಲಗಳನ್ನು ಉತ್ತು ಬೆಳೆದವರು ಇವರು. ಬೆಳೆಯ ದೊಡ್ಡ ಪಾಲು ಸ್ಪಾರ್ಟಾದ ಒಡೆಯರಿಗೆ ಸಲ್ಲುತ್ತಿತ್ತು. ಒಡೆಯರಿಗೆ ವ್ಯಾಯಾಮಕ್ಕೂ ಯುದ್ಧಾಭ್ಯಾಸಕ್ಕೂ ಹರಿತವಾದ ಮಾತಿಗೂ ಬಿಡುವು ದೊರೆತದ್ದು ಇವರ ದುಡಿಮೆಯಿಂದ. ಪ್ರತಿವರ್ಷ ಅಧಿಕಾರಕ್ಕೆ ಬರುವ ಐವರು ಎಫೊರ್‌ಗಳು ಮೊದಲು ಈ ಹೆಲಟರ ಮೇಲೆ ಯುದ್ಧ ಸಾರುತ್ತಿದ್ದರೆಂದು ಅರಿಸ್ಟಾಟಲ್ ಹೇಳಿದುದನ್ನು ಪ್ಲೂಟಾರ್ಕ್ ಉಲ್ಲೇಖಿಸಿದ್ದಾನೆ. ಹೀಗೆ ಸಾರಿದರೆ ಅವರನ್ನು ಕೊಂದವರಿಗೆ ಪಾಪ ತಟ್ಟದೆಂಬುದು ಅದರ ಹಿಂದಿದ್ದ ಎಣಿಕೆ. ಯುದ್ಧ ಸಾರಲು ಎಷ್ಟು ಮಾತು ಬೇಕು? ಒಂದು ವಾಕ್ಯ ಸಾಕು.

ಹೆಲಟರ ಮಾತಿನ ಬಗೆಗೆ ಅದೇ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಥೀಬ್ಸ್‌ನ ಸೈನ್ಯ ಲಕೋನಿಯಾದ ಮೇಲೆ ದಂಡೆತ್ತಿ ಬಂದಾಗ ಕೆಲವು ಹೆಲಟರನ್ನು ಸೆರೆಹಿಡಿಯಿತು. ಅಲ್ಕ್‌ಮನ್ ಮೊದಲಾದ ಕವಿಗಳ ಗೀತೆಗಳನ್ನು ಹಾಡಿರೆಂದು ಅವರನ್ನು ಕೇಳಿದರೆ, ನಮ್ಮ ಒಡೆಯರಿಗೆ ಅದು ಇಷ್ಟವಿಲ್ಲವೆಂದು ಹೇಳಿ ಹಾಡಲು ನಿರಾಕರಿಸಿದರಂತೆ. ಒಡೆಯನು ಎದುರಿಗಿಲ್ಲ, ಆದರೂ ಬಾಯಿ ಬಾರದು. ಇದೂ ಮಿತವಾದ ಮಾತೇ. ಇದನ್ನು ಸಂಯಮವೆನ್ನಲು ಯಾರಿಗೆ ಮನಸ್ಸು ಬಂದೀತು?

ಇದಕ್ಕಿಂತ ಘೋರವಾದುದನ್ನು ಥ್ಯುಸಿಡಿಡೀಸ್ ದಾಖಲಿಸಿದ್ದಾನೆ. ಕ್ರಿ.ಪೂ. ೪೩೧ರಿಂದ ೪೦೪ರವರೆಗೆ ಅಥೆನ್ಸ್‌ಗೂ ಸ್ಪಾರ್ಟಾಕ್ಕೂ ನಡೆದ ಯುದ್ಧದ ಸಮಕಾಲೀನ ಇತಿಹಾಸಕಾರನು ಅವನು. ಯುದ್ಧದಲ್ಲಿ ಹೆಚ್ಚಿನ ಸಾಹಸ ತೋರಿದ ಹೆಲಟರು ಮುಂದೆ ಬರಲಿ, ಅವರನ್ನು ದಾಸ್ಯದಿಂದ ಬಿಡುಗಡೆ ಮಾಡುವೆವು ಎಂದು ಸ್ಪಾರ್ಟಾದವರು ಸಾರಿದರು. ಬಿಡುಗಡೆಗೆ ಮೊದಲು ಮುಂದೆ ಬರುವವನೇ ಎಲ್ಲರಿಗಿಂತ ಮೊದಲು ದಂಗೆಯೇಳುವನು ಎಂಬುದು ಅವರ ಗುಪ್ತ ಲೆಕ್ಕ. ಸುಮಾರು ೨೦೦೦ ಮಂದಿ ಆಯ್ಕೆಯಾದರು. ಬಿಡುಗಡೆ ದೊರೆಯಿತೆಂದು ನಂಬಿ, ಮಾಲೆ ಧರಿಸಿ ದೇವಾಲಯಗಳನ್ನು ಸುತ್ತಿದರು. ಬಳಿಕ ಅವರು ಕಾಣೆಯಾದರು. ಒಬ್ಬೊಬ್ಬರನ್ನೂ ಹೇಗೆ ಮುಗಿಸಿದರೆಂಬುದು ಯಾರಿಗೂ ತಿಳಿಯಲಿಲ್ಲ. ಸ್ಪಾರ್ಟಾದ ಮಿತಭಾಷಿತೆ ತನ್ನ ಪರಾಕಾಷ್ಠೆಯನ್ನು ಮುಟ್ಟಿದ್ದು ಫಿಲಿಪ್ಪನಿಗಿತ್ತ ಉತ್ತರದಲ್ಲಲ್ಲ, ಈ ಮೌನದಲ್ಲಿ. ಇದನ್ನು ನಮಗೆ ತಿಳಿಸಿದವನು ಮಾತುಗಾರರ ನಗರವೆನಿಸಿದ ಅಥೆನ್ಸ್‌ನವನು.

ಇಷ್ಟನ್ನು ನೋಡಿದ ಮೇಲೆ ಅಲ್ಪಭಾಷಣಕ್ಕೆ ಕನಿಷ್ಠಪಕ್ಷ ಮೂರು ಹುಟ್ಟುಗಳಿವೆಯೆಂದು ಹೇಳಬಹುದು. ಮೊದಲನೆಯದು ವಿವೇಕದಿಂದ ಹುಟ್ಟಿದ್ದು: ಯೋಚಿಸಿ, ಬೇಡವಾದುದನ್ನು ಬಿಟ್ಟು, ಬೇಕಾದುದನ್ನು ಪೂರ್ಣವಾಗಿ ಹೇಳುವುದು. ಎರಡನೆಯದು ಅಧಿಕಾರದಿಂದ ಹುಟ್ಟಿದ್ದು: ಎದುರಿನವನಿಗೆ ಕಾರಣ ಹೇಳುವ ಹಂಗು ನನಗಿಲ್ಲವೆಂಬ ಭಾವ. ಮೂರನೆಯದು ಭಯದಿಂದ ಹುಟ್ಟಿದ್ದು: ಬಾಯಿಬಿಟ್ಟರೆ ಕೆಟ್ಟೆನೆಂಬ ಅರಿವು. ಪದಗಳನ್ನು ಎಣಿಸಿದರೆ ಮೂರೂ ಒಂದೇ. ಎಣಿಕೆಯಿಂದ ಗುಣವನ್ನು ಕಂಡುಹಿಡಿಯಲಾಗದು.

ಈ ಮೂರನ್ನು ಕಾಣಲು ಗ್ರೀಸ್‌ಗೆ ಹೋಗಬೇಕಾದುದಿಲ್ಲ. ಕಚೇರಿಯ ಮೇಜಿನ ಹಿಂದೆ ಕುಳಿತವನು ತಲೆಯೆತ್ತದೆ 'ನಾಳೆ ಬನ್ನಿ' ಎನ್ನುತ್ತಾನೆ. ಎರಡೇ ಪದ, ಆದರೆ ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಮುದುಕನಿಗೆ ಅದು ಒಂದು ದಿನದ ಕೂಲಿ. ಏಕೆ ನಾಳೆ, ಯಾವ ಕಾಗದ ತರಬೇಕು ಎಂಬ ಇನ್ನು ನಾಲ್ಕು ಮಾತು ಆಡಿದ್ದರೆ ಅವನ ಶ್ರಮ ಉಳಿಯುತ್ತಿತ್ತು. ಬೆತ್ತದ ಎದುರಿಗೆ ನಿಂತ ಬಾಲಕನು 'ಹೌದು' ಎಂದಷ್ಟೇ ಹೇಳುತ್ತಾನೆ. ಅದು ಅರ್ಥವಾದುದರ ಗುರುತಲ್ಲ. ನಮ್ಮ ಸೊಸೆ ಬಹಳ ಮಿತಭಾಷಿಣಿ ಎಂದು ಹಿರಿಯರು ಮೆಚ್ಚಿ ನುಡಿಯುವುದುಂಟು. ಆಕೆ ತನ್ನ ತವರುಮನೆಯ ಅಂಗಳದಲ್ಲಿಯೂ ಅಷ್ಟೇ ಮಿತಭಾಷಿಣಿಯೇ ಎಂದು ವಿಚಾರಿಸಿದವರು ಎಷ್ಟು ಮಂದಿ? ಅಲ್ಲಿ ನಗುನಗುತ್ತ ಹರಟುವವಳು ಇಲ್ಲಿ ಮೌನಿಯಾದರೆ, ಹೊಗಳಿಕೆಗೆ ಮುನ್ನ ಮನೆಯವರು ತಮ್ಮನ್ನು ತಾವು ಪ್ರಶ್ನಿಸಿಕೊಳ್ಳುವುದು ಒಳಿತು.

ಆಂಗ್ಲ ಪದದ ಈಚಿನ ಬಾಳು ಈ ವಿಚಾರಕ್ಕೆ ಪುಷ್ಟಿ ಕೊಡುತ್ತದೆ. 'ಲೆಕಾನಿಕ್' ಎಂಬುದು ಈಗ ಬರಿಯ ಹೊಗಳಿಕೆಯಾಗಿ ಉಳಿದಿಲ್ಲ. ಒರಟೆಂದೋ ಉದಾಸೀನವೆಂದೋ ನಿಗೂಢವೆಂದೋ ತೋರುವಷ್ಟು ಕಡಮೆ ಮಾತು ಎಂಬ ಛಾಯೆಯನ್ನೂ ನಿಘಂಟುಕಾರರು ಅದರಲ್ಲಿ ಗುರುತಿಸುತ್ತಾರೆ. 'ಟರ್ಸ್' ಎಂಬುದೂ ಹಾಗೆಯೇ. ಹೊಳಪಿಟ್ಟದ್ದು ಎಂಬ ಅರ್ಥದಿಂದ ಹೊರಟು, ೧೮ನೆಯ ಶತಮಾನದಲ್ಲಿ ಅಚ್ಚುಕಟ್ಟಾದ ಸಂಕ್ಷೇಪವೆಂಬ ಅರ್ಥ ತಾಳಿ, ಇಂದು ಅನೇಕರ ಬಾಯಲ್ಲಿ ಬಿರುಸು ಮಾತೆಂಬ ಅರ್ಥ ಪಡೆದಿದೆ. 'ಕರ್ಟ್' ಎಂಬುದಂತೂ ಪೂರ್ತಿಯಾಗಿ ಅಸಭ್ಯತೆಯ ಕಡೆಗೆ ಜಾರಿದೆ. ಸಂಕ್ಷೇಪವನ್ನು ಹೇಳುವ ಪದಗಳು ಹೀಗೆ ಕಹಿಯಾಗುವುದೇಕೆ? ನನ್ನ ಊಹೆ ಇದು: ಹೇಳುವವನು ತನ್ನ ಮಾತನ್ನು ಸಂಕ್ಷೇಪವೆಂದು ಕರೆದುಕೊಳ್ಳುತ್ತಾನೆ, ಕೇಳುವವನು ಅದರಲ್ಲಿ ತನಗೆ ದೊರೆಯದೆಹೋದುದನ್ನು ಲೆಕ್ಕಹಾಕುತ್ತಾನೆ. ಕಾಲ ಕಳೆದಂತೆ ಭಾಷೆಯು ಕೇಳುವವನ ಸಾಕ್ಷ್ಯವನ್ನೂ ಬರೆದುಕೊಳ್ಳುತ್ತದೆ.

ಹಾಗಾದರೆ ವಾಚಾಳಿಯೇ ಮೇಲೆ ಎಂದು ಯಾರೂ ತಿಳಿಯಬಾರದು. ಸುಳ್ಳನು ಬಹಳ ಮಾತನಾಡುತ್ತಾನೆ; ಹೊಗಳುಭಟನು ಇನ್ನೂ ಹೆಚ್ಚು. ಮಾತಿಗೆ ಮಿತಿ ಬೇಕೇ ಬೇಕು. ಆದರೆ ಹಿರಿಯರು ಮಿತ ಎಂಬ ಮಾತನ್ನು ಒಂಟಿಯಾಗಿ ಬಿಡದೆ ಹಿತ ಎಂಬುದರ ಜೊತೆಗೆ ಇಟ್ಟರು. ಮಿತವು ಆಡುವವನ ಕಡೆಯ ಅಳತೆ, ಹಿತವು ಕೇಳುವವನ ಕಡೆಯ ಅಳತೆ. ಎರಡನೆಯದನ್ನು ಕಳಚಿ ಮೊದಲನೆಯದನ್ನಷ್ಟೇ ಸಾಧಿಸಿದ ನಾಡೊಂದರ ಕಥೆಯನ್ನು ಈವರೆಗೆ ನೋಡಿದೆವು. ಕ್ರಿ.ಪೂ. ೩೬೯ರಲ್ಲಿ ಥೀಬ್ಸ್‌ನ ಎಪಮಿನೊಂಡಸ್ ಮೆಸ್ಸೀನಿಯಾವನ್ನು ಬಿಡುಗಡೆಮಾಡಿದಾಗ ಅಲ್ಲಿಯ ಹೆಲಟರಿಗೆ ಸ್ವಂತ ನಗರವೊಂದು ದೊರೆಯಿತು. ಸ್ಪಾರ್ಟಾ ಆ ಪೆಟ್ಟಿನಿಂದ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಮೌನದ ನಿಯಮವನ್ನು ಕೈಕೊಳ್ಳುವವರು ಈ ವಾಚಕರಲ್ಲಿ ಅನೇಕರಿದ್ದಾರೆ. ಅಂಥವರು ಮಾತನ್ನು ಬಿಡುವಾಗ ಒಂದು ಪ್ರಶ್ನೆಯನ್ನು ಜೊತೆಯಲ್ಲಿಟ್ಟುಕೊಳ್ಳಲಿ: ನಾನು ಉಳಿಸುತ್ತಿರುವುದು ನನ್ನ ಮಾತನ್ನೋ, ಇನ್ನೊಬ್ಬನಿಗೆ ಸಲ್ಲಬೇಕಾದುದನ್ನೋ? ಒಂದು ಕಾರಣ, ಒಂದು ಕ್ಷಮಾಪಣೆ, ಒಂದು ಎಚ್ಚರಿಕೆ, ಅನ್ಯಾಯವನ್ನು ಕಂಡಾಗ ಒಂದು ಸಾಕ್ಷಿ: ಇವು ನಮ್ಮ ಬಾಯಲ್ಲಿದ್ದರೂ ನಮ್ಮವಲ್ಲ, ಪರರ ಸೊತ್ತು. ಅವನ್ನು ಕೊಟ್ಟು ಉಳಿದುದರಲ್ಲಿ ಮಿತವನ್ನು ಸಾಧಿಸಬೇಕು.